ಮೂರನೇ ತರಗತಿಯ ಪಾಲಕರ ಗಮನಕ್ಕೆ: ಕ್ರಿಸ್‌ಮಸ್ ಸಿದ್ಧತೆ

ಮಾನ್ಯ ಪಾಲಕರೇ,

ಕ್ರಿಸ್‌ಮಸ್‌ಗೆ ಮುಂಚಿನ ನಾಲ್ಕು ಭಾನುವಾರಗಳ ಆಗಮನ ಕಾಲ ಆರಂಭವಾಗಿರುವುದರಿಂದ, ಸೋಮವಾರದ ಪ್ರಾರ್ಥನೆಯಲ್ಲಿ ಮಕ್ಕಳು ವಾರಕ್ಕೊಂದು ಮೇಣದಬತ್ತಿಯನ್ನು ಹೆಚ್ಚಿಸುತ್ತ ಬೆಳಗಿಸುತ್ತಿದ್ದಾರೆ.

ತರಗತಿಯಲ್ಲಿ ಗೋದಲಿಯನ್ನು, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿಯನ್ನು, ಈ ಬಾರಿ ಮಕ್ಕಳೇ ಕಟ್ಟಲಿದ್ದಾರೆ. ಅಸಿಸಿಯ ಸಂತ ಫ್ರಾನ್ಸಿಸರು 1223ರಲ್ಲಿ ಇಟಲಿಯ ಗ್ರೆಚ್ಚೊದಲ್ಲಿ ನಿಜವಾದ ಎತ್ತು, ಕತ್ತೆ, ಹುಲ್ಲನ್ನಿರಿಸಿ ಯೇಸುವಿನ ಜನನದ ದೃಶ್ಯವನ್ನು ಏರ್ಪಡಿಸಿದ ಕಥೆಯನ್ನು ಕೇಳಿದ ಮೇಲೆ, ನಮ್ಮ ಗೋದಲಿಯೂ ಬಳ್ಳಾರಿ ಸೀಮೆಯ ದನದ ಕೊಟ್ಟಿಗೆಯಂತೆಯೇ ಇರಬೇಕೆಂದು ಅವರು ಹಟ ಹಿಡಿದಿದ್ದಾರೆ. ಈ ಹಟ ನನಗೂ ಹಿಡಿಸಿತು. ಆದ್ದರಿಂದ ಥರ್ಮೋಕೋಲ್ ಕೊಳ್ಳದೆ, ಹಳ್ಳಿಯ ಸಂಪರ್ಕವಿರುವವರು ಒಣಗಿದ ಜೋಳದ ದಂಟನ್ನು ಒಂದು ಹಿಡಿಯಷ್ಟು, ಗರಿಯ ಅಂಚು ಕೈ ಕೊಯ್ಯದಂತೆ ಬಟ್ಟೆಯಲ್ಲಿ ಸುತ್ತಿ ಕಳುಹಿಸಬೇಕೆಂದು ಕೋರುತ್ತೇನೆ. ಹಸಿರಿಗಾಗಿ ಡಿಸೆಂಬರ್ 14ರಂದು ತಟ್ಟೆಗಳಲ್ಲಿ ರಾಗಿ ಬಿತ್ತಿಸುತ್ತೇವೆ. ನೀರು ಹಾಕುವ ಸರದಿಗಾಗಿ ಈಗಾಗಲೇ ಜಗಳ ನಡೆದಿದೆ.

ಡಿಸೆಂಬರ್ 22ರ ಕಾರ್ಯಕ್ರಮದಲ್ಲಿ ಕನ್ನಡ ಮತ್ತು ತೆಲುಗು ಗೀತೆಗಳೆರಡೂ ಇರುತ್ತವೆ. ಪಾಲ್ಗೊಳ್ಳುವುದು ಐಚ್ಛಿಕ. ಹೊಸ ಬಟ್ಟೆ, ಉಡುಗೊರೆ ಬೇಡ. ಹಂಚಿ ತಿನ್ನಲು ಮನೆಯಲ್ಲಿ ಮಾಡಿದ ಕರ್ಜಿಕಾಯಿ ಅಥವಾ ಚಕ್ಕುಲಿ ಸಾಕು. ಶೇಂಗಾ ಒಗ್ಗದ ಮಕ್ಕಳಿದ್ದರೆ ನನಗೆ ಪ್ರತ್ಯೇಕವಾಗಿ ಮೊದಲೇ ತಿಳಿಸಿ.

— ತರಗತಿ ಶಿಕ್ಷಕಿ