ಸಂಡೂರಿನ ಬೆಟ್ಟ ನೋಡಿ ಸ್ತುತಿಸುವವರು ಅದನ್ನು ಕಾಯಲೂ ಬೇಕು

ಸಂಪಾದಕರಿಗೆ,

ಮಾನ್ಯರೇ,

ಮಳೆ ಹಿಡಿದ ಮೇಲೆ ಬಳ್ಳಾರಿಯ ನಮ್ಮ ಕ್ರೈಸ್ತ ಸಭೆಯವರು (ಚರ್ಚಿನವರು) ವರ್ಷಕ್ಕೊಮ್ಮೆ ಸಂಡೂರಿಗೆ ಹೋಗಿ ಬರುವುದು ಬಹಳ ಕಾಲದ ವಾಡಿಕೆ. ತೋರಣಗಲ್ಲಿನವರೆಗೂ ಕಣ್ಣಿಗೆ ಬೀಳುವುದು ಎರೆ ಹೊಲ, ಬಂಡೆಗುಡ್ಡ ಮತ್ತು ಕಾರ್ಖಾನೆಗಳ ಹೊಗೆ. ಅಲ್ಲಿಂದ ಮುಂದೆ ನಾರಿಹಳ್ಳ ಬೆಟ್ಟವನ್ನು ಸೀಳಿಕೊಂಡು ಹರಿಯುವ ಗಂಡಿಯನ್ನು ತಲುಪುವಷ್ಟರಲ್ಲಿ ಬೇರೊಂದು ಸೀಮೆಗೆ ಬಂದಂತಾಗುತ್ತದೆ. ಬೆಟ್ಟದ ನೆತ್ತಿಗೆ ಮೋಡ ತಗುಲಿಕೊಂಡಿರುತ್ತದೆ, ಬೇಸಿಗೆಯಲ್ಲಿ ಬೋಳಾಗಿ ನಿಂತಿದ್ದ ಇಳಿಜಾರುಗಳೆಲ್ಲ ಹಸಿರು ಹೊದ್ದಿರುತ್ತವೆ. ಸಂಡೂರನ್ನು ಸೆಪ್ಟೆಂಬರ್ ತಿಂಗಳಲ್ಲಿ ನೋಡಬೇಕೆಂದು ಗಾಂಧೀಜಿಯವರು ಹೇಳಿದ್ದರೆಂದು ಇಲ್ಲಿಯ ಜನ ಇಂದಿಗೂ ನೆನೆಯುತ್ತಾರೆ. ಆ ಬೆಟ್ಟಗಳ ಎದುರು ನಿಂತು ನಮ್ಮ ಮಕ್ಕಳು, "ನಾನು ಕಣ್ಣೆತ್ತಿ ಪರ್ವತಗಳ ಕಡೆಗೆ ನೋಡುತ್ತೇನೆ" ಎಂದು ಆರಂಭವಾಗುವ, ಸತ್ಯವೇದದ (ಬೈಬಲಿನ) 121ನೇ ಕೀರ್ತನೆಯನ್ನು ಒಟ್ಟಾಗಿ ಹೇಳುತ್ತಾರೆ. ನಲವತ್ತು ವರ್ಷಗಳಿಂದ ಅದನ್ನು ಕೇಳುತ್ತಿದ್ದರೂ ಪ್ರತಿ ಸಲವೂ ನನ್ನ ಕಣ್ಣು ತುಂಬುತ್ತದೆ.

ಕಳೆದ ವರ್ಷದ ಪ್ರವಾಸದಲ್ಲಿ ಊಟ ಮುಗಿಸಿ ಬಸ್ಸು ಹತ್ತುವ ಹೊತ್ತಿಗೆ ಮರಗಳ ಬುಡದಲ್ಲಿ ನಾವು ಬಿಟ್ಟ ಥರ್ಮಕೋಲ್ ತಟ್ಟೆಗಳೂ ನೀರಿನ ಬಾಟಲಿಗಳೂ ಪ್ಲಾಸ್ಟಿಕ್ ಚೀಲಗಳೂ ಹರಡಿ ಬಿದ್ದಿದ್ದವು. ದನ ಕಾಯುತ್ತಿದ್ದ ವೃದ್ಧರೊಬ್ಬರು ಅವನ್ನು ಒಂದೊಂದಾಗಿ ಆರಿಸಿ ಗೋಣಿಚೀಲಕ್ಕೆ ಹಾಕುತ್ತಿದ್ದರು. ನಾನು ಹತ್ತಿರ ಹೋದಾಗ, "ದನ ತಿಂದು ಸಾಯ್ತಾವ್ರೀ, ಅದಕ್ಕ ಆರಿಸ್ತೀನಿ" ಎಂದಷ್ಟೇ ಹೇಳಿದರು. ಅರ್ಧ ಗಂಟೆಯ ಹಿಂದೆ ನಾವು ಹಾಡಿದ್ದ ಸ್ತುತಿಗೀತೆಗಳನ್ನು ಅವರೂ ಕೇಳಿಸಿಕೊಂಡಿದ್ದರು. ಆ ಸಂಕಟವೇ ಈ ಪತ್ರವನ್ನು ಬರೆಸುತ್ತಿದೆ.

ಪ್ರಕೃತಿಯ ಚೆಲುವನ್ನು ಸವಿಯುವುದು ಭಕ್ತಿಗೆ ಹೊರತಾದ ಕಾಲಹರಣವೆಂದು, ಇನ್ನು ಕೆಲವರು ಅದು ಸೃಷ್ಟಿಯನ್ನೇ ಪೂಜಿಸಿದಂತೆಂದು ನಮ್ಮಲ್ಲಿ ಹೇಳುವುದುಂಟು. ಸತ್ಯವೇದವನ್ನು ಓದಿದವರಿಗೆ ಈ ಅಂಜಿಕೆ ಬೇಕಾಗಿಲ್ಲ. ಆದಿಕಾಂಡದ ಮೊದಲ ಅಧ್ಯಾಯದಲ್ಲಿ ದೇವರು ನೆಲವನ್ನೂ ಸಮುದ್ರವನ್ನೂ ಗಿಡಮರಗಳನ್ನೂ ನೋಡಿ ಒಳ್ಳೆಯದೆಂದು ಮೆಚ್ಚುವಾಗ ಮನುಷ್ಯನು ಇನ್ನೂ ಹುಟ್ಟಿರಲಿಲ್ಲ. ಅಂದರೆ ಬೆಟ್ಟದ ಬೆಲೆ ಅದರಿಂದ ನಮಗಾಗುವ ಲಾಭದ ಮೇಲೆ ನಿಂತಿಲ್ಲ. ಅರಸ ಸೊಲೊಮೋನನ ವೈಭವಕ್ಕಿಂತ ಅಡವಿಯ ಹೂವಿನ ಅಲಂಕಾರ ಹೆಚ್ಚೆಂದ ಯೇಸುಸ್ವಾಮಿಯೂ ಮೊದಲು ಹೂವನ್ನು ಗಮನಿಸಿ ನೋಡಿರೆಂದೇ ಹೇಳಿದರು. 104ನೇ ಕೀರ್ತನೆಯು ಬೆಟ್ಟಗಳನ್ನು ಕಾಡುಮೇಕೆಗಳ ಆಸರೆಯೆಂದೂ ಬಂಡೆಗಳನ್ನು ಸಣ್ಣ ಪ್ರಾಣಿಗಳ ಆಶ್ರಯವೆಂದೂ ವರ್ಣಿಸುತ್ತದೆ. 1994ರಲ್ಲಿ ಕರಡಿಧಾಮವೆಂದು ಘೋಷಿತವಾದ ದರೋಜಿಯಲ್ಲಿ ಸಂಜೆಯ ಹೊತ್ತು ಬಂಡೆಗಳ ನಡುವಿನಿಂದ ಮರಿಯನ್ನು ಬೆನ್ನಿಗೇರಿಸಿಕೊಂಡು ತಾಯಿ ಕರಡಿ ಇಳಿದು ಬರುವುದನ್ನು ಕಂಡವರಿಗೆ ಆ ಸಾಲುಗಳ ಅರ್ಥವನ್ನು ಬೇರೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ಅದೇ ಮೊದಲ ಅಧ್ಯಾಯದ 28ನೇ ವಚನವನ್ನು, ಅಂದರೆ ಭೂಮಿಯನ್ನು ವಶಮಾಡಿಕೊಂಡು ಜೀವಿಗಳ ಮೇಲೆ ದೊರೆತನ ಮಾಡಬೇಕೆಂಬ ಮಾತನ್ನು, ನಾವು ಹಿಂದುಮುಂದಿಲ್ಲದೆ ಓದಿ ನಮಗೆ ಎಲ್ಲದಕ್ಕೂ ಪರವಾನಗಿ ಸಿಕ್ಕಿತೆಂದುಕೊಂಡಿದ್ದೇವೆ. ಮುಂದಿನ ಪುಟದಲ್ಲೇ, ಎರಡನೆಯ ಅಧ್ಯಾಯದ 15ನೇ ವಚನದಲ್ಲಿ, ದೇವರು ಮನುಷ್ಯನನ್ನು ಏದೆನ್ ತೋಟದಲ್ಲಿರಿಸಿದ್ದು ಅದನ್ನು ಸಾಗುವಳಿ ಮಾಡುವುದಕ್ಕೂ ಕಾಯುವುದಕ್ಕೂ ಎಂದು ಬರೆದಿದೆ. ಇಲ್ಲಿ 'ಕಾಯು' ಎಂಬುದಕ್ಕೆ ಮೂಲ ಹೀಬ್ರೂವಿನಲ್ಲಿರುವ ಕ್ರಿಯಾಪದವೇ ನಮ್ಮ ಮಕ್ಕಳು ಬೆಟ್ಟದೆದುರು ಹೇಳುವ 121ನೇ ಕೀರ್ತನೆಯಲ್ಲಿ, ನಿನ್ನನ್ನು ಕಾಯುವಾತನು ತೂಕಡಿಸುವುದಿಲ್ಲ ಎಂಬಲ್ಲಿ, ಮತ್ತೆ ಬರುತ್ತದೆ. ತಮ್ಮನನ್ನು ಕೊಂದ ಕಾಯಿನನು, ನನ್ನ ತಮ್ಮನನ್ನು ಕಾಯುವವನು ನಾನೋ ಎಂದು ದೇವರಿಗೇ ಎದುರಾಡಿದಾಗಲೂ ಅದೇ ಪದವಿದೆ. ಜೋಳದ ಹೊಲದ ನಡುವೆ ಮಂಚಿಕೆ ಹತ್ತಿ, ಕೈಯಲ್ಲಿ ಕವಣೆ ಹಿಡಿದು, ತೆನೆ ಹಾಲುಗಟ್ಟಿದ ದಿನದಿಂದ ಕೊಯ್ಲಿನವರೆಗೂ ಎಚ್ಚರವಾಗಿರುವುದನ್ನು ನಮ್ಮ ಹಿರಿಯರು ಕಾಯುವುದೆಂದು ಕರೆಯುತ್ತಿದ್ದರು. ಸತ್ಯವೇದವು ಕನ್ನಡಕ್ಕೆ ಬಂದದ್ದೂ ಇದೇ ಬಳ್ಳಾರಿಯಲ್ಲಿ. 1810ರಲ್ಲಿ ಇಲ್ಲಿಗೆ ಬಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮತ್ತು ಅವರ ಸಂಗಡಿಗರು ಆರಂಭಿಸಿದ ಅನುವಾದ 1831ರ ವೇಳೆಗೆ ಪೂರ್ಣಗೊಂಡಿತು. ಆ ಕೆಲಸ ನಡೆದ ಊರಿನ ಕ್ರೈಸ್ತರಾದ ನಾವು ಈ ಒಂದು ಪದವನ್ನಾದರೂ ಸರಿಯಾಗಿ ಓದಬೇಕಿತ್ತು.

ಗಣಿಗಾರಿಕೆಯನ್ನು ಬಿಟ್ಟು ಈ ವಿಷಯವನ್ನು ಇಲ್ಲಿ ಮಾತನಾಡುವಂತಿಲ್ಲ. ನೆಲದಿಂದ ಅದಿರು ತೆಗೆಯುವುದೇ ಪಾಪವೆಂದು ನಾನು ಹೇಳಲಾರೆ. ನಮ್ಮ ಸಭೆಗಳಲ್ಲೇ ಗಣಿಯ ಕೂಲಿಯಿಂದ, ಲಾರಿಯ ಬಾಡಿಗೆಯಿಂದ ಮಕ್ಕಳನ್ನು ಓದಿಸಿದ ಮನೆಗಳಿವೆ. ಧರ್ಮೋಪದೇಶಕಾಂಡದ ಎಂಟನೆಯ ಅಧ್ಯಾಯವೂ ಕಲ್ಲಿನಲ್ಲಿ ಕಬ್ಬಿಣ ಸಿಗುವ, ಬೆಟ್ಟದಲ್ಲಿ ತಾಮ್ರ ಅಗೆಯಬಹುದಾದ ದೇಶವನ್ನು ದೇವರ ಆಶೀರ್ವಾದವೆಂದೇ ಎಣಿಸುತ್ತದೆ. ಆದರೆ ಹೊಟ್ಟೆ ತುಂಬಿ, ಒಳ್ಳೆಯ ಮನೆಗಳನ್ನು ಕಟ್ಟಿ, ಬೆಳ್ಳಿ ಬಂಗಾರ ಹೆಚ್ಚಿದಾಗ ಹೃದಯದಲ್ಲಿ ಸೊಕ್ಕಿ ದೇವರನ್ನು ಮರೆಯದಂತೆ ಎಚ್ಚರವಾಗಿರಬೇಕೆಂದು ಅದೇ ಅಧ್ಯಾಯದ ಮುಂದಿನ ಸಾಲುಗಳು ಹೇಳುತ್ತವೆ, ಮತ್ತು 2008ರ ಬೀಜಿಂಗ್ ಒಲಿಂಪಿಕ್ಸ್‌ಗೆ ಮುಂಚಿನ ವರ್ಷಗಳಲ್ಲಿ ಚೀನಾದ ಬೇಡಿಕೆಯಿಂದ ಅದಿರಿನ ಬೆಲೆ ಏರಿದಾಗ ನಮ್ಮ ಜಿಲ್ಲೆ ಕಂಡದ್ದು ಆ ಮರೆವನ್ನೇ. ಹಗಲು ರಾತ್ರಿ ಲಾರಿಗಳ ಸಾಲು, ಬೇವಿನ ಎಲೆಯ ಮೇಲೂ ಒಣಹಾಕಿದ ಬಟ್ಟೆಯ ಮೇಲೂ ಕೆಂಪು ದೂಳು, ತರಗತಿಯಲ್ಲಿ ನಿಲ್ಲದ ಮಕ್ಕಳ ಕೆಮ್ಮು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಗಣಿಗಾರಿಕೆಯನ್ನು ನಿಲ್ಲಿಸಿತು; ಮುಂದೆ ಷರತ್ತುಗಳ ಮೇಲೆ ಅದು ಮತ್ತೆ ಆರಂಭವಾಯಿತು. 2024ರಲ್ಲಿ ಸಂಡೂರಿನ ದೇವದಾರಿ ಬೆಟ್ಟದ ಸುಮಾರು 400 ಹೆಕ್ಟೇರ್ ಅರಣ್ಯದಲ್ಲಿ ಹೊಸ ಗಣಿಗಾಗಿ 99 ಸಾವಿರಕ್ಕೂ ಹೆಚ್ಚು ಮರಗಳು ಉರುಳಬೇಕಾಗುತ್ತದೆಂಬ ವರದಿಗಳು ಪತ್ರಿಕೆಗಳಲ್ಲಿ ಬಂದಾಗ ಪರಿಸರ ಹೋರಾಟಗಾರರು ದನಿಯೆತ್ತಿದರು. ನನಗೆ ಗೊತ್ತಿರುವ ಸಭೆಗಳಲ್ಲಿ ಆ ಭಾನುವಾರಗಳಂದು ಒಂದು ಪ್ರಾರ್ಥನೆಯೂ ಕೇಳಿಬರಲಿಲ್ಲ. ಅದು ರಾಜಕೀಯವೆಂದು ಹಿರಿಯರು ಮಾತು ಮುಗಿಸಿದರು.

ಏಳನೆಯ ವರ್ಷದಲ್ಲಿ ಹೊಲಕ್ಕೂ ವಿಶ್ರಾಂತಿ ಕೊಡಬೇಕೆಂದು ಯಾಜಕಕಾಂಡ ವಿಧಿಸುತ್ತದೆ. ಬಿಡುವು ಕೊಟ್ಟ ಹೊಲ ಮತ್ತೆ ಬೆಳೆಯುತ್ತದೆ, ಆದರೆ ಅಗೆದು ಸಾಗಿಸಿದ ಬೆಟ್ಟ ಎಷ್ಟು ವರ್ಷ ಬಿಟ್ಟರೂ ಮರಳಿ ಬರುವುದಿಲ್ಲ. ಹಾಗಿರುವಾಗ ಎಷ್ಟು ಅಗೆಯಬೇಕು, ಎಲ್ಲಿ ನಿಲ್ಲಿಸಬೇಕು, ಮುಂದಿನ ತಲೆಮಾರಿಗೆ ಎಷ್ಟನ್ನು ಉಳಿಸಬೇಕು ಎಂಬ ಪ್ರಶ್ನೆಗಳು ಆರಾಧನೆಯ ಒಳಗೇ ಬರಬೇಕಾದವು.

ಇದಕ್ಕೊಂದು ಸಮಯವೂ ಗೊತ್ತಾಗಿದೆ. ಸೃಷ್ಟಿಯ ರಕ್ಷಣೆಗಾಗಿ ಸೆಪ್ಟೆಂಬರ್ 1ರಂದು ಪ್ರಾರ್ಥಿಸಬೇಕೆಂದು 1989ರಲ್ಲಿ ಆರ್ಥೊಡಾಕ್ಸ್ ಕ್ರೈಸ್ತ ಸಭೆಯ ಹಿರಿಯ ಗುರು (ಪೇಟ್ರಿಯಾರ್ಕ್) ದಿಮಿತ್ರಿಯೋಸ್ ಕರೆ ಕೊಟ್ಟರು, 2015ರಲ್ಲಿ ಪೋಪ್ ಫ್ರಾನ್ಸಿಸ್ ಅದನ್ನು ಕಥೋಲಿಕರಿಗೂ ವಿಸ್ತರಿಸಿದರು. ಆ ಸೆಪ್ಟೆಂಬರ್ 1ರಿಂದ ಅಸ್ಸೀಸಿಯ ಸಂತ ಫ್ರಾನ್ಸಿಸರ ಹಬ್ಬವಾದ ಅಕ್ಟೋಬರ್ 4ರವರೆಗಿನ ದಿನಗಳನ್ನು ಹಲವು ದೇಶಗಳ ಸಭೆಗಳು ಸೃಷ್ಟಿಗಾಗಿ ಪ್ರಾರ್ಥಿಸುವ ಕಾಲವಾಗಿ ಆಚರಿಸುತ್ತವೆ. ನಮ್ಮ ಸಂಡೂರು ಹಸಿರಾಗಿರುವುದೂ ಇದೇ ದಿನಗಳಲ್ಲಿ. ಬಳ್ಳಾರಿಯ ಕಥೋಲಿಕ, ಸಿ.ಎಸ್.ಐ. (ದಕ್ಷಿಣ ಭಾರತ ಸಭೆ) ಮತ್ತು ಇತರ ಎಲ್ಲ ಸಭೆಗಳ ಗುರುಗಳು ಕೂಡಿ ಆ ಐದು ವಾರಗಳಲ್ಲಿ ಒಂದು ಭಾನುವಾರವನ್ನು ನಿಗದಿಪಡಿಸಬೇಕೆಂದು ಕೇಳಿಕೊಳ್ಳುತ್ತೇನೆ. ಅಂದು ಬೆಟ್ಟಕ್ಕೆ ಹೋಗುವವರು ಸ್ಟೀಲಿನ ತಟ್ಟೆ ಲೋಟಗಳನ್ನು ಮನೆಯಿಂದಲೇ ಒಯ್ಯಲಿ. ಸಭೆಯ ಆವರಣದಲ್ಲಿ ಹಬ್ಬಿರುವ ಬಳ್ಳಾರಿ ಜಾಲಿಯನ್ನು ತೆಗೆದು ಬೇವು, ಹೊಂಗೆ, ಹುಣಸೆ ನೆಡಲಿ. ನಮ್ಮ ಊರಿನ ಹೆಸರು ಹೊತ್ತಿದ್ದರೂ ಆ ಜಾಲಿ ಅಮೆರಿಕ ಖಂಡದಿಂದ ಬಂದು ಇಲ್ಲಿಯ ಗಿಡಗಳ ಜಾಗ ಕಿತ್ತುಕೊಂಡಿದೆ. ನೆಟ್ಟ ಸಸಿಗೆ ಮೂರು ಬೇಸಿಗೆ ನೀರು ಹಾಕುವ ಹೊಣೆಯನ್ನು ಒಂದೊಂದು ಕುಟುಂಬದ ಹೆಸರಿಗೆ ಬರೆದಿಡಲಿ. ಎಲ್ಲಕ್ಕಿಂತ ಮುಖ್ಯವಾಗಿ, ಹೊಸ ಗಣಿಗೋ ಕಾರ್ಖಾನೆಗೋ ಪರಿಸರ ಅನುಮತಿ ಕೊಡುವ ಮುನ್ನ ಸಾರ್ವಜನಿಕ ಅಹವಾಲು ಸಭೆ ಕರೆದಾಗ ಪ್ರತಿ ಚರ್ಚಿನಿಂದ ಇಬ್ಬರಾದರೂ ಹೋಗಿ, ಯೋಜನೆಯ ಪರಿಸರ ವರದಿಯನ್ನು ಮೊದಲೇ ಓದಿಕೊಂಡು, ತಮ್ಮ ಅಭಿಪ್ರಾಯವನ್ನು ಲಿಖಿತವಾಗಿ ದಾಖಲಿಸಲಿ.

ಈ ವರ್ಷದ ಪ್ರವಾಸಕ್ಕೆ ನಾನು ನಾಲ್ಕು ಗೋಣಿಚೀಲಗಳನ್ನು ಈಗಲೇ ಹೊಲಿಸಿಟ್ಟಿದ್ದೇನೆ. ಆ ವೃದ್ಧರು ಮತ್ತೆ ಸಿಕ್ಕರೆ ಅವರ ಜೊತೆ ಕೂತು ಊಟ ಮಾಡುವ ಆಸೆಯಿದೆ.

ಇತಿ,
ನಿವೃತ್ತ ಶಿಕ್ಷಕಿ,
ಬಳ್ಳಾರಿ