ಜಮೀನಿಲ್ಲದವರಿಗೂ ಸಾಲ ಸಿಗಲಿ

ಸಂಪಾದಕರಿಗೆ,

ಪೂರ್ವ ಯುರೋಪಿನ ಆರ್ಥಿಕತೆ ಕುರಿತ ವರದಿ ಓದಿದೆ. ಅಲ್ಲಿನ ಸಣ್ಣ ಕಂಪನಿಗಳಿಗೆ ಸಾಲ ಸಿಗದ ವಿಚಾರವೇ ಅದರಲ್ಲಿ ಬಿಟ್ಟುಹೋಗಿದೆ. 1989ರಲ್ಲಿ ಕಮ್ಯುನಿಸ್ಟ್ ಆಡಳಿತಗಳು ಕುಸಿದ ನಂತರ ಅಲ್ಲಿ ಮಾರುಕಟ್ಟೆ ತೆರೆಯಿತು, ನಿಜ. ಆದರೆ ಬ್ಯಾಂಕುಗಳ ಹಣ ಹಳೆಯ ಸರ್ಕಾರಿ ಕಾರ್ಖಾನೆಗಳಿಗೇ ಜಾಸ್ತಿ ಹೋಯಿತು. ಹೊಸಬರಲ್ಲಿ ಅಡಮಾನಕ್ಕೆ ಜಮೀನಿಲ್ಲ, ತೋರಿಸಲು ಹಳೆಯ ಲೆಕ್ಕಪತ್ರವೂ ಇಲ್ಲ. ಉಳಿದ ಲಾಭದಲ್ಲೇ ಯಂತ್ರ ಕೊಳ್ಳಬೇಕೆಂದರೆ ಎಷ್ಟು ವರ್ಷ ಕಾಯುವುದು? ರೊಮೇನಿಯಾ 1999ರಲ್ಲಿ ಕಾನೂನು ತಂದು, ಯಂತ್ರ, ದಾಸ್ತಾನುಗಳ ಮೇಲಿನ ಸಾಲವನ್ನು ಎಲೆಕ್ಟ್ರಾನಿಕ್ ದಾಖಲೆಗೆ ಸೇರಿಸುವ ವ್ಯವಸ್ಥೆ ಮಾಡಿತು. ಯಾವ ಯಂತ್ರದ ಮೇಲೆ ಮೊದಲೇ ಸಾಲವಿದೆ ಎಂದು ಗೊತ್ತಾದರೆ ಬ್ಯಾಂಕಿಗೂ ಧೈರ್ಯ ಬರುತ್ತದೆ, ಅಲ್ವಾ? ಸರ್ಕಾರಿ ಬ್ಯಾಂಕುಗಳದೇ ಮೇಲುಗೈ ಇರುವ, ಮಧ್ಯ ಏಷ್ಯಾದ ಉಜ್ಬೇಕಿಸ್ತಾನದಂಥ ದೇಶಗಳೂ ಜಮೀನನ್ನೇ ಕೇಳುತ್ತಾ ಕೂರದೆ, ಯಂತ್ರ ಮತ್ತು ಗ್ರಾಹಕರಿಂದ ಬರಬೇಕಾದ ಬಾಕಿ ಬಿಲ್ಲುಗಳ ಮೇಲೆ ಸಣ್ಣ ಕಂಪನಿಗಳಿಗೆ ಸಾಲ ಕೊಡಲಿ.

— ಒಬ್ಬ ಓದುಗ, ತುಮಕೂರು