ಒಂದು ಬಾಯ್ಲರ್ ಕಮ್ಮಿ

ಹೋದ ಮಂಗಳವಾರ, ಆಪರೇಷನ್ ಆದ ಮೇಲಿನ ನನ್ನ ಒಂದು ವರ್ಷದ ಸ್ಕ್ಯಾನ್ ರಿಪೋರ್ಟ್ ಬಂತು. ಡಾಕ್ಟರು ಅದನ್ನ ಎರಡು ಸಲ ತಿರುವಿ ಹಾಕಿ, "ಏನೂ ಇಲ್ಲ, ಆರು ತಿಂಗಳು ಬಿಟ್ಟು ಬನ್ನಿ" ಅಂದರು. ಅವತ್ತೇ ಸಂಜೆ, ನಾನು ಮನೆಯಲ್ಲಿ ಕಟ್ಟುತ್ತಿದ್ದ ವಾಕರ್ ಎಂಬ ಹಡಗಿನ ಮಾದರಿಗೆ ಕೊನೆಯ ಕೋಟ್ ಬಣ್ಣ ಹೊಡೆದೆ. ಈ ಒಂದು ವರ್ಷ ನಮ್ಮನೆಗೆ ಬಂದವರೆಲ್ಲ ಊಟದ ಮೇಜಿನ ಅರ್ಧ ಭಾಗ ಹಡಗಿಗೆ ಬಿಟ್ಟುಕೊಟ್ಟು ಊಟ ಮಾಡಿದ್ದೀರಿ. ನಿಮಗೆ ಥ್ಯಾಂಕ್ಸ್ ಹೇಳುವುದು ಬಾಕಿ ಇದೆ.

ವಾಕರ್ ಅಂದರೆ ಬ್ರಿಟಿಷ್ ನೌಕಾಪಡೆಯ ಡಿಸ್ಟ್ರಾಯರ್, ವೇಗವಾಗಿ ಓಡುವ ಸಣ್ಣ ಯುದ್ಧನೌಕೆ. ಸ್ಕಾಟ್ಲೆಂಡಿನ ಡಂಬರ್ಟನ್‌ನಲ್ಲಿ 1917ರ ನವೆಂಬರ್‌ನಲ್ಲಿ ನೀರಿಗಿಳಿದ ಹಡಗು. ಮೊದಲನೇ ಮಹಾಯುದ್ಧಕ್ಕೆ ಅಂತ ಕಟ್ಟಿದ್ದು. ಎರಡನೆಯದು ಶುರುವಾಗುವ ಹೊತ್ತಿಗೆ ಅದಕ್ಕೆ ವಯಸ್ಸಾಗಿತ್ತು. ಆದರೂ ಬಿಡಲಿಲ್ಲ, ಎಳೆದುಕೊಂಡು ಹೋದರು. 1939ರ ಸೆಪ್ಟೆಂಬರ್‌ನಲ್ಲಿ, ಯುದ್ಧ ಶುರುವಾಗಿ ಎರಡು ವಾರ ಆಗುವ ಮೊದಲೇ, ಅದು ಗುದ್ದಿಕೊಂಡದ್ದು ತಮ್ಮದೇ ಪಡೆಯ ವ್ಯಾಂಕ್ವಿಷರ್ ಎಂಬ ಇನ್ನೊಂದು ಡಿಸ್ಟ್ರಾಯರ್‌ಗೆ. ಶತ್ರು ಇನ್ನೂ ಕಂಡೇ ಇರಲಿಲ್ಲ! ರಿಪೇರಿ ಮುಗಿಸಿಕೊಂಡು ಮತ್ತೆ ಕೆಲಸಕ್ಕೆ ಹೋಯಿತು.

ಕೆಲಸ ಏನು ಅಂದರೆ, ಸರಕು ಹಡಗುಗಳ ಗುಂಪಿಗೆ ಬೆಂಗಾವಲು. ಎಣ್ಣೆ, ಆಹಾರ ಎಲ್ಲ ಅಟ್ಲಾಂಟಿಕ್ ದಾಟಿ ಬ್ರಿಟನ್‌ಗೆ ಬರಬೇಕು. ನೀರಿನಡಿ ಜರ್ಮನ್ ಸಬ್‌ಮರೀನ್‌ಗಳು ಕಾಯುತ್ತಿರುತ್ತವೆ. ಏನೂ ಆಗದೆ ಎಲ್ಲ ಹಡಗೂ ಬಂದರು ಸೇರಿದರೆ ಅದು ಸುದ್ದಿಯೇ ಅಲ್ಲ. ಹಾಗಾಗಿ ಇಂಥ ಹಡಗಿನ ಕಥೆಯಲ್ಲಿ ನಮಗೆ ಸಿಗುವುದು ಕೆಟ್ಟ ರಾತ್ರಿಗಳೇ ಜಾಸ್ತಿ.

1941ರ ಮಾರ್ಚ್ 16ರ ರಾತ್ರಿ ಅಂಥದ್ದು. ಕೆನಡಾದ ಹ್ಯಾಲಿಫ್ಯಾಕ್ಸ್‌ನಿಂದ ಹೊರಟ ಎಚ್‌ಎಕ್ಸ್ 112 ಗುಂಪಿನಲ್ಲಿ 41 ಹಡಗು. ಬೆಂಗಾವಲಿನ ಮುಖಂಡ ವಾಕರ್, ಅದರ ಕ್ಯಾಪ್ಟನ್ ಡೊನಾಲ್ಡ್ ಮ್ಯಾಕಿಂಟೈರ್. ಯು-99 ಎಂಬ ಜರ್ಮನ್ ಸಬ್‌ಮರೀನಿನ ಕ್ಯಾಪ್ಟನ್ ಆಟೋ ಕ್ರೆಚ್ಮರ್ ಕತ್ತಲೆಯಲ್ಲಿ ನೀರಿನ ಮೇಲೇ ತೇಲಿಕೊಂಡು ಹಡಗುಗಳ ಸಾಲಿನ ನಡುವೆ ನುಗ್ಗಿಬಿಟ್ಟಿದ್ದ. ನೀರಿನ ಮೇಲಿರುವ ಸಬ್‌ಮರೀನ್, ನೀರಿನಡಿ ಶಬ್ದ ಕಳಿಸಿ ಅದರ ಪ್ರತಿಧ್ವನಿಯಿಂದ ಹುಡುಕುವ ಯಂತ್ರಕ್ಕೆ, ಅವರು ಆಸ್ಡಿಕ್ ಅನ್ನುತ್ತಿದ್ದದ್ದಕ್ಕೆ, ಸರಿಯಾಗಿ ಸಿಗುವುದಿಲ್ಲ. ಐದು ಹಡಗು ಮುಳುಗಿದವು. ಬೆಳಗಿನ ಜಾವದ ಹೊತ್ತಿಗೆ ಜೊತೆಗಿದ್ದ ವ್ಯಾನಕ್ ಹಡಗಿನ ರೇಡಾರ್‌ಗೆ ಇನ್ನೊಂದು ಸಬ್‌ಮರೀನ್, ಯು-100, ಸಿಕ್ಕಿತು. ವ್ಯಾನಕ್ ಅದಕ್ಕೆ ನೇರ ಗುದ್ದಿ ಮುಳುಗಿಸಿ, ನೀರಿಗೆ ಬಿದ್ದವರನ್ನು ಎತ್ತಿಕೊಳ್ಳಲು ನಿಂತಿತು. ವಾಕರ್ ಅದರ ಸುತ್ತ ಕಾವಲು ತಿರುಗುತ್ತಿತ್ತು. ಆಗ ಆಸ್ಡಿಕ್ ಮುಂದೆ ಕೂತಿದ್ದವನು, ಸಿಕ್ಕಿತು ಅಂದ. ಮ್ಯಾಕಿಂಟೈರ್ ನಂಬಲಿಲ್ಲ. ಅಷ್ಟು ಹತ್ತಿರ ಇನ್ನೊಂದೇ? ನೀರು ಕದಡಿದ್ದಕ್ಕೆ ಬಂದ ಸದ್ದಿರಬೇಕು ಅಂತ. ಆಸ್ಡಿಕ್‌ನವನು ಪಟ್ಟು ಬಿಡಲಿಲ್ಲ. ಡೆಪ್ತ್ ಚಾರ್ಜ್, ಅಂದರೆ ನೀರಿನಾಳದಲ್ಲಿ ಸಿಡಿಯುವ ಡ್ರಮ್ಮಿನಂಥ ಬಾಂಬು, ಹಾಕಿದರು. ಯು-99 ಮೇಲೆದ್ದು ಬಂತು.

ಇಲ್ಲಿ ನಮ್ಮನೆಯವಳಿಗೆ ಮೊದಲ ಥ್ಯಾಂಕ್ಸ್. ಎಡಗಡೆ ಸೊಂಟದ ಹತ್ತಿರ ಸಣ್ಣಗೆ ನೋವು ಅಂದಾಗ ನಾನು ಗ್ಯಾಸು, ಕೂತು ಕೆಲಸ ಮಾಡಿದ್ದಕ್ಕೆ ಅಂತೆಲ್ಲ ಕಾರಣ ಹುಡುಕಿದೆ. ಅವಳು ಒಂದೇ ಮಾತು: "ಸ್ಕ್ಯಾನ್ ಮಾಡಿಸಿ." ಮೂರು ವಾರ ಅದೇ ಮಾತು. ಜಗಳಾನೂ ಆಯಿತು. ಕೊನೆಗೆ ಅವಳ ಕಾಟಕ್ಕೆ ಹೋದೆ. ಕಿಡ್ನಿಯಲ್ಲಿ ಗಡ್ಡೆ ಇತ್ತು, ಬೇಗ ಸಿಕ್ಕಿದ್ದರಿಂದ ಇನ್ನೆಲ್ಲೂ ಹರಡಿರಲಿಲ್ಲ. ಆಪರೇಷನ್ ಮಾಡಿ ಆ ಕಿಡ್ನಿ ತೆಗೆದರು.

ಆಪರೇಷನ್ನಿಗೆ ಮುಂಚೆ ನಾನು ಕಟ್ಟುತ್ತಿದ್ದದ್ದು 1941ರ ವಾಕರ್. ಮುಂದೆ ಸಪೂರ ಚಿಮಣಿ, ಹಿಂದೆ ದಪ್ಪ ಚಿಮಣಿ. 144ಕ್ಕೆ 1ರ ಅಳತೆ, ಮೂತಿಯಿಂದ ಬಾಲದವರೆಗೆ 26 ಇಂಚು. ಮನೆಗೆ ಬಂದ ಮೇಲೆ ಒಂದು ತಿಂಗಳು ಬಗ್ಗುವ ಹಾಗಿರಲಿಲ್ಲ, ದಿಂಬಿಗೆ ಒರಗಿ ಹಳೇ ನಕ್ಷೆಗಳನ್ನ ನೋಡುತ್ತಿದ್ದೆ. ಆಗ ಕಣ್ಣಿಗೆ ಬಿತ್ತು. ಈ ಜಾತಿಯ ಹಡಗುಗಳಿಗೆ ಓಟ ಚೆನ್ನಾಗಿತ್ತು, ಆದರೆ ಎಣ್ಣೆ ಸಾಲುತ್ತಿರಲಿಲ್ಲ. ಅದಕ್ಕೆ 1943ರಲ್ಲಿ ವಾಕರ್‌ನ ಇಂಜಿನ್ನಿಗೆ ಹಬೆ ಕೊಡುವ ಮೂರು ಬಾಯ್ಲರ್‌ಗಳಲ್ಲಿ ಮುಂದಿನದನ್ನು ಕಿತ್ತುಹಾಕಿದರು. ಆ ಜಾಗದಲ್ಲಿ ಎಣ್ಣೆ ಟ್ಯಾಂಕು, ಜನ ಮಲಗಲು ಒಂದಿಷ್ಟು ಜಾಗ. ಸಪೂರ ಚಿಮಣಿಯೂ ಹೋಯಿತು. ವೇಗ ಸುಮಾರು ಹತ್ತು ನಾಟ್ (ಅಂದರೆ ಗಂಟೆಗೆ ಹತ್ತು ನಾಟಿಕಲ್ ಮೈಲಿ) ಇಳಿಯಿತು, ಆದರೆ ದೂರ ಹೋಗುವ ತಾಕತ್ತು ಬಂತು. 1944ರಲ್ಲಿ ಅದೇ ಹಡಗು ಆರ್ಕ್ಟಿಕ್ ಚಳಿಯಲ್ಲಿ ರಷ್ಯಾದ ದಾರಿಗೂ ಬೆಂಗಾವಲು ಹೋಯಿತು.

ನಂದೂ ಒಂದು ಬಾಯ್ಲರ್ ತೆಗೆದಿದ್ದಾರಲ್ಲ! ಹೊಲಿಗೆ ಎಳೆಯುವಷ್ಟು ನಕ್ಕೆ. ಕೂರುವಂತಾದ ದಿನವೇ ಹ್ಯಾಕ್ಸಾ ಬ್ಲೇಡ್ ತಗೊಂಡು ಮುಂದಿನ ಚಿಮಣಿ ಕೊಯ್ದೆ. ಎರಡು ತಿಂಗಳ ಕೆಲಸ ಹಾಳು ಅಂತ ತಮ್ಮ ಬೈದ. ಆಸ್ಪತ್ರೆಯಲ್ಲಿ ಹನ್ನೊಂದು ರಾತ್ರಿ ಪ್ಲಾಸ್ಟಿಕ್ ಕುರ್ಚಿ ಮೇಲೆ ಮಲಗಿದವನು ಅವನು, ಬೈಯುವ ಹಕ್ಕಿದೆ.

ಡೆಪ್ತ್ ಚಾರ್ಜ್ ಡ್ರಮ್ಮುಗಳೆಲ್ಲ ಮಗಳ ಕೈಕೆಲಸ. ಇಯರ್‌ಬಡ್ಡಿನ ಕಡ್ಡಿಯನ್ನ ಐದೈದು ಮಿಲಿಮೀಟರ್‌ಗೆ ಕತ್ತರಿಸಿ, ಎರಡೂ ತುದಿಗೆ ಫೆವಿಕಾಲ್ ಚುಕ್ಕೆ ಇಟ್ಟು, ಒಣಗಿದ ಮೇಲೆ ಬೂದು ಬಣ್ಣ. ಎಪ್ಪತ್ತು ಮಾಡಿದ್ದಾಳೆ. ಅರ್ಧ ಡಬ್ಬಿಯಲ್ಲೇ ಉಳಿದಿವೆ, ಹತ್ತಿಯೆಲ್ಲ ಸೋಫಾ ಕೆಳಗಿದೆ.

ಅಮ್ಮನದು ಲಾಳದ ತಕರಾರು. ವಾಕರ್‌ನ ಲಾಂಛನ ಕುದುರೆ ಲಾಳ, ತುದಿಗಳು ಮೇಲಕ್ಕೆ. ಕ್ರೆಚ್ಮರ್‌ನ ಯು-99ಕ್ಕೂ ಲಾಳವೇ ಗುರುತು, ಆದರೆ ತುದಿಗಳು ಕೆಳಕ್ಕೆ. ಸೆರೆಯಾಗಿ ವಾಕರ್ ಹತ್ತಿದ ಮೇಲೆ ಅವನೇ ಅದನ್ನ ಗಮನಿಸಿ ಹೇಳಿದನಂತೆ. ತಲೆಕೆಳಗಾದರೆ ಅದೃಷ್ಟ ಸೋರಿಹೋಗುತ್ತದೆ ಅಂತ ವಾಕರ್‌ನವರು ತಿಳಿಸಿದರಂತೆ. ಕಥೆ ಕೇಳಿದ ಅಮ್ಮ ಎದ್ದುಹೋಗಿ ನಮ್ಮನೆ ಹೊಸ್ತಿಲಿನ ಲಾಳ ನೋಡಿಕೊಂಡು ಬಂದರು. ನಲವತ್ತು ವರ್ಷದಿಂದ ಕೆಳಕ್ಕೇ ಇದೆ! "ನಮಗೆ ಹೀಗೇ ಆಗಿಬಂದಿದೆ" ಅಂದರು, ಬದಲಾಯಿಸಲು ಬಿಡಲಿಲ್ಲ.

ರಕ್ತ ಕೊಟ್ಟ ಮೂವರು ಗೆಳೆಯರಿಗೆ, ಕ್ಯಾರಿಯರ್‌ನಲ್ಲಿ ಉಪ್ಪು ಕಮ್ಮಿ ಸಾರು ಕಳಿಸಿದ ಎದುರುಮನೆ ಅಕ್ಕನಿಗೆ, ಬಾಲ್ಸಾ ಮರ ಕುಯ್ದುಕೊಟ್ಟು ದುಡ್ಡು ಮುಟ್ಟದ ಬಡಗಿ ಅಣ್ಣನಿಗೆ, ರಾತ್ರಿ ಪಾಳಿಯಲ್ಲಿ ಬಂದಾಗಲೆಲ್ಲ "ಹಡಗು ಎಲ್ಲಿಗೆ ಬಂತು ಸಾರ್?" ಅಂತ ಕೇಳುತ್ತಿದ್ದ ನರ್ಸಮ್ಮನಿಗೆ. ನಿಮ್ಮ ಹೆಸರು ಹಾಕಬೇಡಿ ಅಂದಿದ್ದೀರಿ, ಹಾಕಿಲ್ಲ.

ನಿಜವಾದ ವಾಕರ್ 1946ರಲ್ಲಿ ಗುಜರಿಗೆ ಹೋಯಿತು. ನಮ್ಮದು ಟೀವಿ ಪಕ್ಕದ ಶೆಲ್ಫಿನಲ್ಲಿದೆ. ಭಾನುವಾರ ಸಂಜೆ ಎಲ್ಲರೂ ಬನ್ನಿ, ಕಾಫಿ ಮತ್ತೆ ಅಮ್ಮನ ಕೋಡುಬಳೆ ಇರುತ್ತದೆ. ಹಿಂದಿನ ಮಾಸ್ಟ್ ಮಾತ್ರ ಮುಟ್ಟಬೇಡಿ, ಅಂಟು ಇನ್ನೂ ಒಣಗಿಲ್ಲ.